ಒಂದೇ ಬಾಣಲೆ, ಎರಡು ಬಿಸಿ: ಹೊಳೆಮೀನು ಮತ್ತು ತರಕಾರಿಯ ರಾತ್ರಿಯೂಟ

ಒಂದೇ ಬಾಣಲೆಯಲ್ಲಿ ಮೀನು, ತರಕಾರಿ ಎರಡನ್ನೂ ಬೇಯಿಸಿ ರಾತ್ರಿಯೂಟ ಮುಗಿಸಲು ಹೊರಟವರಿಗೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಗತಿ. ಬಟಾಟೆ ಚೆನ್ನಾಗಿ ಬೆಂದಿರುತ್ತದೆ, ಆದರೆ ಮೀನು ಚೂರುಚೂರಾಗಿ ಮುಳ್ಳೆಲ್ಲ ಗೊಜ್ಜಿನಲ್ಲಿ ಬೆರೆತಿರುತ್ತದೆ. ಇಲ್ಲವೇ ಮೀನು ಹದವಾಗಿರುತ್ತದೆ, ಬಟಾಟೆ ಹಲ್ಲಿಗೆ ಕಟಕ್ಕೆನ್ನುತ್ತದೆ. ಇದರಲ್ಲಿ ಕೈಗುಣದ ತಪ್ಪಾಗಲಿ ಮಸಾಲೆಯ ತಪ್ಪಾಗಲಿ ಇಲ್ಲ. ಮೀನು ಬೇಯುವ ಬಿಸಿಯೇ ಬೇರೆ, ತರಕಾರಿ ಬೇಯುವ ಬಿಸಿಯೇ ಬೇರೆ. ಮೀನಿನ ಮಾಂಸ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೆಂದು ಮುಗಿಯುತ್ತದೆ. ಬಟಾಟೆ, ಗಜ್ಜರಿ, ಬದನೆಕಾಯಿಗಳು 85 ಡಿಗ್ರಿ ತಲುಪುವವರೆಗೆ ಸರಿಯಾಗಿ ಮೆತ್ತಗಾಗಲು ತೊಡಗುವುದೇ ಇಲ್ಲ. ನಡುವಿನ ಈ ಇಪ್ಪತ್ತೈದು ಡಿಗ್ರಿಯನ್ನು ಹೇಗೆ ದಾಟಬೇಕು ಎಂಬುದು ತಿಳಿದರೆ ಮಸಾಲೆ ನಿಮ್ಮ ಮನೆಯದೇ ಇರಲಿ, ಮೀನು ಯಾವುದೇ ಇರಲಿ, ಅಡುಗೆ ಕೈತಪ್ಪುವುದಿಲ್ಲ.

ಈ ಲೇಖನ ಮುಖ್ಯವಾಗಿ ಬಾಗಲಕೋಟೆಯ ಅಡುಗೆಮನೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದದ್ದು. ಆಲಮಟ್ಟಿ ಜಲಾಶಯ 519.60 ಮೀಟರಿಗೆ ತುಂಬಿ ನಿಂತಾಗ ಕೃಷ್ಣೆಯ ಜೊತೆಗೆ ಘಟಪ್ರಭೆಯೂ ಹಿಮ್ಮೆಟ್ಟಿ ಹಳೆಯ ಬಾಗಲಕೋಟೆಯ ಮಗ್ಗುಲಿಗೆ ಬರುತ್ತದೆ. ಆ ಹಿನ್ನೀರಿಗಾಗಿ ಹಳೆಯ ಊರಿನ ಎಷ್ಟೋ ಮನೆಗಳು ಹೋದವು, ನವನಗರ ಎದ್ದಿತು. ಕಳೆದುಕೊಂಡದ್ದರ ಲೆಕ್ಕ ದೊಡ್ಡದು. ಬಂದದ್ದರ ಲೆಕ್ಕದಲ್ಲಿ ಮೀನೂ ಒಂದು. ರೋಹು, ಕಟ್ಲಾ, ಮೃಗಾಲ್, ತಿಲಾಪಿಯಾ ಇಲ್ಲಿನ ಪೇಟೆಗೆ ಬರುವ ಸಾಮಾನ್ಯ ಮೀನುಗಳು. ಕೊರ್ತಿ-ಕೊಲ್ಹಾರ ಸೇತುವೆ ದಾಟಿ ವಿಜಯಪುರದ ಕಡೆಗೆ ಹೋದರೂ ಇವೇ. ಬೆಳಗಾವಿಯವರ ಕಥೆ ಬೇರೆ. ಗೋವಾ, ಕಾರವಾರಗಳಿಂದ ಘಟ್ಟ ಹತ್ತಿ ಬರುವ ಬಂಗಡೆ, ಸುರಮಯಿ, ತಾರಲೆ ಅವರ ಪೇಟೆಯಲ್ಲಿವೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಮಾತ್ರ ಅವರೂ ಹೊಳೆಮೀನಿನ ಕಡೆಗೆ ಹೊರಳುತ್ತಾರೆ, ಇಲ್ಲವೇ ಮಂಜುಗಡ್ಡೆಯಲ್ಲಿಟ್ಟ ಹಳೆಯ ಸರಕಿಗೆ ದುಡ್ಡು ಸುರಿಯುತ್ತಾರೆ.

ಮೀನು ಇಷ್ಟು ಬೇಗ ಬೇಯುವುದೇಕೆ?

ಆಡು, ಕುರಿಗಳು ದಿನವಿಡೀ ತಮ್ಮ ಮೈಭಾರ ಹೊತ್ತು ನಡೆಯುತ್ತವೆ. ಅವುಗಳ ಸ್ನಾಯುವನ್ನು ಗಟ್ಟಿಯಾದ ನಾರಿನಂಥ ಪದರಗಳು ಬಿಗಿದಿರುತ್ತವೆ. ಕೊಲಾಜನ್ ಎಂಬ ಪ್ರೋಟೀನಿನಿಂದಾದ ಆ ಪದರ ಕರಗಬೇಕಾದರೆ ಗಂಟೆಗಟ್ಟಲೆ ಕುದಿಸಬೇಕು. ಮೀನಿನ ಭಾರವನ್ನು ನೀರೇ ಹೊರುತ್ತದೆ. ಅದರ ಮೈಯಲ್ಲಿ ಕೊಲಾಜನ್ ಕಡಿಮೆ, ಇರುವುದೂ ಬಹಳ ನಾಜೂಕು. 50-55 ಡಿಗ್ರಿಗೆಲ್ಲ ಅದು ಕರಗಿ ಅಂಟಾಗುತ್ತದೆ. ಮೀನಿನ ಸ್ನಾಯು ಗಿಡ್ಡ ಎಳೆಗಳ ಪದರ ಪದರವಾಗಿ ಜೋಡಣೆಯಾಗಿದ್ದು, ಪದರಗಳ ನಡುವೆ ಇರುವುದು ಇದೇ ಕೊಲಾಜನ್ನಿನ ತೆಳುಹಾಳೆ. ಅದು ಕರಗಿದಾಗಲೇ ಬೆಂದ ಮೀನು ಬೆರಳಿಗೆ ಎಸಳೆಸಳಾಗಿ ಬಿಡಿಸಿಕೊಳ್ಳುತ್ತದೆ.

ಸ್ನಾಯುವಿನ ಪ್ರೋಟೀನುಗಳೂ ಹಾಗೆಯೇ. ಒಂದು ಬಗೆಯವು 40 ಡಿಗ್ರಿಯಿಂದಲೇ ಹೆಪ್ಪುಗಟ್ಟತೊಡಗುತ್ತವೆ, ಇನ್ನೊಂದು ಬಗೆಯವು 60ರ ಮೇಲೆ ಬಿಗಿಯುತ್ತವೆ. ಈ ಎರಡನೆಯ ಹಂತ ಮುಗಿದ ಮೇಲೆ ಎಳೆಗಳು ಕುಗ್ಗಿ ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತವೆ. ಮೀನಿನ ತುಂಡಿನ ಮೇಲೆ ಬಿಳಿಯ ಕೆನೆಯಂಥ ಗಸಿ ಕಾಣಿಸಿತೆಂದರೆ ಅದು ಒಳಗಿಂದ ಜಾರಿ ಬಂದ ಪ್ರೋಟೀನು. ಬಿಸಿ ಹೆಚ್ಚಾಗುತ್ತಿದೆ ಎಂದು ಅರ್ಥ. ಆಮೇಲೂ ಕುದಿಸುತ್ತ ಹೋದರೆ ಮೇಲ್ನೋಟಕ್ಕೆ ಮೀನು ಸಾರಿನಲ್ಲಿ ಮುಳುಗಿಯೇ ಇರುತ್ತದೆ, ತಿಂದರೆ ಒಣಗಿದ ಹತ್ತಿ. ಮೀನು ನೀರಿನಲ್ಲಿದೆ, ಹೇಗೆ ಒಣಗೀತು ಎಂದು ಕೇಳುವವರಿಗೆ ಉತ್ತರ ಇದೇ: ಒಣಗುವುದು ಎಳೆಯ ಒಳಗೆ.

ಹಾಗೆಂದು ಅರೆಬೆಂದ ಹೊಳೆಮೀನು ತಿನ್ನುವುದು ಬೇಡ. ಸಿಹಿನೀರಿನ ಮೀನಿನಲ್ಲಿ ಪರೋಪಜೀವಿಗಳು ಇರಬಹುದು. ಒಳಗಿನ ಬಿಸಿ 63 ಡಿಗ್ರಿ ತಲುಪುವುದು ಸುರಕ್ಷಿತ. ಉಷ್ಣಮಾಪಕ ಇಲ್ಲದಿದ್ದರೆ ಕಣ್ಣೇ ಸಾಕು. ತುಂಡಿನ ದಪ್ಪ ಭಾಗದಲ್ಲಿ, ನಡುಮುಳ್ಳಿನ ಪಕ್ಕ, ಚಾಕುವಿನ ಮೊನೆ ಇಳಿಸಿ ನೋಡಿ. ಗಾಜಿನಂತೆ ಪಾರದರ್ಶಕವಾಗಿದ್ದ ಮಾಂಸ ಪೂರ್ತಿ ಬೆಳ್ಳಗಾಗಿ, ಮುಳ್ಳಿನಿಂದ ತಾನಾಗಿ ಬಿಟ್ಟುಕೊಂಡರೆ ಬೆಂದಂತೆ. ಕಾಲದ ಲೆಕ್ಕ ಬೇಕಿದ್ದರೆ, ಒಂದು ಇಂಚು ದಪ್ಪಕ್ಕೆ ಒಟ್ಟು ಹತ್ತು ನಿಮಿಷ ಎಂಬುದು ಅಡುಗೆಯವರ ಹಳೆಯ ಅಂದಾಜು. ದಪ್ಪ ಅರ್ಧವಾದರೆ ಕಾಲ ಅರ್ಧಕ್ಕಿಂತಲೂ ಕಡಿಮೆ ಎಂಬ ಎಚ್ಚರ ಇರಲಿ.

ತರಕಾರಿಯ ಹಟ ಮತ್ತು ಹುಣಸೆಹುಳಿಯ ಪಾತ್ರ

ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಪೇರಲ ಹಣ್ಣಿನ ಜೆಲ್ಲಿಯನ್ನು ಗಟ್ಟಿಯಾಗಿಸುವ ವಸ್ತುವೂ ಇದೇ. ಸುಮಾರು 85 ಡಿಗ್ರಿಯ ಮೇಲೆ ಪೆಕ್ಟಿನ್ ಒಡೆಯುತ್ತದೆ, ಆಗ ಬಟಾಟೆ ಮೆತ್ತಗಾಗುತ್ತದೆ. ಬಿಸಿ ಸಾಕಷ್ಟಿದ್ದರೂ ಪೆಕ್ಟಿನ್ ಒಡೆಯದಂತೆ ತಡೆಯುವ ಎರಡು ಸಂಗತಿಗಳಿವೆ, ಎರಡೂ ನಮ್ಮ ಅಡುಗೆಮನೆಯಲ್ಲೇ ಇವೆ.

ಮೊದಲನೆಯದು ಹುಳಿ. ಹುಣಸೆರಸವೋ ಟೊಮೆಟೊ ರಸವೋ ಬಾಣಲೆಗೆ ಬಿದ್ದ ಕೂಡಲೇ ಪೆಕ್ಟಿನ್ ಒಡೆಯುವ ವೇಗ ತಗ್ಗುತ್ತದೆ. ಹಸಿ ಬಟಾಟೆಯನ್ನು ನೇರವಾಗಿ ಹುಣಸೆನೀರಿಗೆ ಹಾಕಿ ಕುದಿಸಿದವರು ಅರ್ಧ ಗಂಟೆಯಾದರೂ ಅದರ ನಡುವೆ ಗಟ್ಟಿ ಉಳಿಯುವುದನ್ನು ಕಂಡಿರುತ್ತಾರೆ. ಬೇಳೆ ಬೆಂದ ಮೇಲೆಯೇ ಹುಳಿ ಹಾಕಬೇಕೆಂದು ಅವ್ವಂದಿರು ಕಾರಣ ಹೇಳದೆ ಕಲಿಸಿದ ಪಾಠದ ಹಿಂದೆಯೂ ಇದೇ ಇದೆ. ಎರಡನೆಯದು ಗಡಸು ನೀರು. ಬಾಗಲಕೋಟೆ, ವಿಜಯಪುರಗಳ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಪಾತ್ರೆಯ ತಳದಲ್ಲಿ ಬಿಳಿ ಪರೆ ಕಟ್ಟುವ ಆ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಹಿಡಿದು ಇನ್ನಷ್ಟು ಬಿಗಿಗೊಳಿಸುತ್ತದೆ. ಕುಡಿಯಲು ತಂದ ಶುದ್ಧೀಕರಿಸಿದ ನೀರನ್ನೇ ಅರ್ಧ ಬಟ್ಟಲು ಬಾಣಲೆಗೂ ಬಳಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕೆಲವರು ಚಿಟಿಕೆ ಸೋಡಾ ಹಾಕುತ್ತಾರೆ. ಬೇಗ ಬೇಯುವುದು ನಿಜ, ಆದರೆ ತರಕಾರಿ ಲೋಳೆಯಾಗುತ್ತದೆ, ರುಚಿಗೆ ಸಾಬೂನಿನ ಛಾಯೆ ಬರುತ್ತದೆ. ನನ್ನ ಮಟ್ಟಿಗೆ ಅದು ಅಡುಗೆಯಲ್ಲ.

ಹಾಗಾದರೆ ಕ್ರಮ ತಾನಾಗಿಯೇ ನಿಶ್ಚಯವಾಯಿತು. ತರಕಾರಿ ಮೊದಲು, ಹುಳಿಯಿಲ್ಲದೆ. ಅದು ಬೆಂದ ಮೇಲೆ ಹುಳಿ. ಹುಳಿ ಹದಕ್ಕೆ ಬಂದ ಮೇಲೆ, ಉರಿ ತಗ್ಗಿಸಿ, ಮೀನು.

ಕೆಸರಿನ ವಾಸನೆ

ಹೊಳೆಮೀನನ್ನು ದೂರವಿಡುವವರು ಹೇಳುವ ಮೊದಲ ದೂರು ಮಣ್ಣುವಾಸನೆ. ದೂರು ಸುಳ್ಳಲ್ಲ. ನಿಂತ ನೀರಿನಲ್ಲಿ ಬೆಳೆಯುವ ನೀಲಿ-ಹಸಿರು ಪಾಚಿಯೂ ಕೆಲವು ಬ್ಯಾಕ್ಟೀರಿಯಾಗಳೂ ಜಿಯೋಸ್ಮಿನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಮೀನು ಅದನ್ನು ಕಿವಿರಿನ ಮೂಲಕ ಹೀರಿಕೊಂಡು ಕೊಬ್ಬಿನಲ್ಲಿ ಶೇಖರಿಸುತ್ತದೆ. ಬೇಸಿಗೆ ಮುಗಿದು ಎರೆಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಘಮಕ್ಕೂ ಈ ಜಿಯೋಸ್ಮಿನ್ನೇ ಮುಖ್ಯ ಕಾರಣ. ಬೀಟ್‌ರೂಟಿನ ಮಣ್ಣುವಾಸನೆಯೂ ಅದರದೇ. ಹೊಲದಲ್ಲಿ ಮೂಗರಳಿಸಿ ಸವಿಯುವುದನ್ನೇ ತಟ್ಟೆಯಲ್ಲಿ ಕಂಡರೆ ಮುಖ ಸಿಂಡರಿಸುತ್ತೇವೆ. ಮನುಷ್ಯನ ಮೂಗು ಇದಕ್ಕೆ ಎಷ್ಟು ಚುರುಕೆಂದರೆ ಲಕ್ಷ ಕೋಟಿ ಪಾಲು ನೀರಿನಲ್ಲಿ ಕೆಲವೇ ಪಾಲು ಇದ್ದರೂ ಪತ್ತೆ ಹಚ್ಚುತ್ತದೆ.

ಜಿಯೋಸ್ಮಿನ್ ಹುಳಿಯಲ್ಲಿ ಒಡೆದು ವಾಸನೆಯಿಲ್ಲದ ವಸ್ತುವಾಗುತ್ತದೆ. ಹೀಗಾಗಿ ಹೊಳೆಮೀನಿಗೆ ಉಪ್ಪು, ಅರಿಸಿನ, ಹುಣಸೆರಸ ಸವರಿ ಇಡುವ ಪದ್ಧತಿಗೆ ಗಟ್ಟಿ ಆಧಾರವಿದೆ. ಹದಿನೈದು ಇಪ್ಪತ್ತು ನಿಮಿಷ ಸಾಕು. ಗಂಟೆಗಟ್ಟಲೆ ಬಿಟ್ಟರೆ ಹುಳಿಯೇ ಮೀನಿನ ಮೇಲ್ಪದರವನ್ನು ಬೇಯಿಸಿದಂತೆ ಮಾಡಿ ಹಿಟ್ಟುಹಿಟ್ಟಾಗಿಸುತ್ತದೆ. ವಾಸನೆ ಕೊಬ್ಬಿನಲ್ಲಿ ಕೂತಿರುವುದರಿಂದ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನೂ ಅದರ ಅಕ್ಕಪಕ್ಕದ ಕೊಬ್ಬನ್ನೂ ತೆಗೆಸಿ. ಮೀನು ಕೊಯ್ಯುವವರಿಗೆ ಹೇಳಿದರೆ ಅವರೇ ಕೆರೆದು ಕೊಡುತ್ತಾರೆ.

ಕಡಲಮೀನಿನ ವಾಸನೆಯ ಮೂಲವೇ ಬೇರೆ. ಉಪ್ಪುನೀರಿನಲ್ಲಿ ಬದುಕಲು ಅದರ ಮೈಯಲ್ಲಿರುವ ಒಂದು ವಸ್ತು, ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕು ಟ್ರೈಮೀಥೈಲಮೈನ್ ಆಗುತ್ತದೆ. ಅದು ಕ್ಷಾರ, ಹುಳಿ ಬಿದ್ದರೆ ಗಾಳಿಗೆ ಏಳದೆ ಕೂತುಬಿಡುತ್ತದೆ. ಎರಡಕ್ಕೂ ಔಷಧ ಹುಳಿಯೇ, ಆದರೆ ಕಡಲಮೀನಿನ ವಾಸನೆ ಹಳತಾದಂತೆ ಏರುತ್ತದೆ, ಹೊಳೆಮೀನಿನ ಮಣ್ಣುವಾಸನೆ ಬಲೆಯಿಂದ ಈಗಷ್ಟೇ ಎತ್ತಿದ್ದರಲ್ಲೂ ಇರುತ್ತದೆ. ಮಣ್ಣುವಾಸನೆ ಬಂದ ಮಾತ್ರಕ್ಕೆ ಮೀನು ಹಳತೆಂದು ಮಾರುವವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಕಿವಿರು ಕೆಂಪಗಿದೆಯೇ, ಕಣ್ಣು ಉಬ್ಬಿ ಹೊಳೆಯುತ್ತಿದೆಯೇ, ಬೆರಳಿನಿಂದ ಒತ್ತಿದ ಗುಳಿ ಮತ್ತೆ ಮೇಲೇಳುತ್ತದೆಯೇ ನೋಡಿ.

ಬಾಣಲೆ

ಅಗಲವಾಗಿರಬೇಕು, ತಳ ದಪ್ಪವಾಗಿರಬೇಕು, ಕೂರುವಂಥ ಮುಚ್ಚಳ ಇರಬೇಕು. ಮೀನಿನ ತುಂಡುಗಳು ಒಂದರ ಮೇಲೊಂದು ಏರದೆ ಒಂದೇ ಸಾಲಿನಲ್ಲಿ ಹರಡಿಕೊಳ್ಳಲು ನಾಲ್ವರ ಅಡುಗೆಗೆ ಸುಮಾರು ಹನ್ನೆರಡು ಇಂಚು ಅಗಲ ಬೇಕು. ಕಬ್ಬಿಣದ ಬಾಣಲೆ ಬಿಸಿ ಹಿಡಿದಿಡುವುದರಲ್ಲಿ ಎಲ್ಲಕ್ಕಿಂತ ಮೇಲು. ಹುಣಸೆಹುಳಿ ಕಬ್ಬಿಣವನ್ನು ಕರಗಿಸಿ ಗೊಜ್ಜನ್ನು ಕಪ್ಪಾಗಿಸುತ್ತದೆ, ಆದ್ದರಿಂದ ಊಟವಾದ ಮೇಲೆ ಉಳಿದದ್ದನ್ನು ಅದರಲ್ಲೇ ಬಿಡಬಾರದು ಅಷ್ಟೆ. ರೊಟ್ಟಿಯ ಹಂಚನ್ನು ಇದಕ್ಕೆ ಮುಟ್ಟಬೇಡಿ. ಮೀನಿನ ಎಣ್ಣೆ ಕುಡಿದ ಹಂಚಿನ ಮೇಲೆ ಮರುದಿನ ಬೆಳಿಗ್ಗೆ ಬಡಿದ ಜೋಳದ ರೊಟ್ಟಿಗೆ ಮನೆಯಲ್ಲಿ ಎಲ್ಲರೂ ಮೂಗು ಮುರಿಯುತ್ತಾರೆ. ನಮ್ಮ ಕಡೆ ಮೀನು ತಿನ್ನುವ ಎಷ್ಟೋ ಮನೆಗಳಲ್ಲಿ ಅದರ ಪಾತ್ರೆಯೇ ಬೇರೆ. ಸೋಮವಾರ, ಶನಿವಾರ, ಶ್ರಾವಣ ಎಂದು ಅದು ಅಟ್ಟ ಸೇರಿ ಕೂರುತ್ತದೆ. ಅಂಥ ಮನೆಗಳಿಗೆ ಒಂದೇ ಬಾಣಲೆಯ ಅಡುಗೆ ಇನ್ನೂ ಅನುಕೂಲ. ಬೇರೆಯಾಗಿ ಇಡಬೇಕಾದ ಪಾತ್ರೆ ಒಂದೇ ಒಂದು.

ಮಾಡುವ ಬಗೆ

ನಾಲ್ಕು ಜನಕ್ಕೆ ಮುಕ್ಕಾಲು ಕಿಲೋ ರೋಹು ಅಥವಾ ಕಟ್ಲಾ ಸಾಕು. ಒಂದಿಂಚು ದಪ್ಪದ ತುಂಡು ಹಾಕಿಸಿ. ಇದಕ್ಕಿಂತ ತೆಳುವಾದರೆ ಹದ ಸಿಗುವ ಮುನ್ನವೇ ಒಡೆಯುತ್ತದೆ. ಈ ಜಾತಿಯ ಮೀನುಗಳ ಬೆನ್ನು ಮತ್ತು ಬಾಲದ ಕಡೆ ಕವಲೊಡೆದ ಸಣ್ಣ ಮುಳ್ಳುಗಳಿರುತ್ತವೆ. ಹೊಟ್ಟೆಯ ಭಾಗದಲ್ಲಿ ಮುಳ್ಳು ದಪ್ಪ, ಕೈಗೆ ಸಿಗುವಂಥದ್ದು. ಮಕ್ಕಳಿಗೂ ವಯಸ್ಸಾದವರಿಗೂ ಹೊಟ್ಟೆಯ ತುಂಡು ಎತ್ತಿಡಿ. ಮುಳ್ಳಿನ ರಗಳೆಯೇ ಬೇಡವೆನ್ನುವವರಿಗೆ ಕೊರವ ಮೀನಿದೆ, ಬೆಲೆಯೂ ಅದಕ್ಕೆ ತಕ್ಕಂತೆ.

ಮೀನಿಗೆ ಒಂದು ಚಮಚ ಉಪ್ಪು, ಅರ್ಧ ಚಮಚ ಅರಿಸಿನ, ಎರಡು ದೊಡ್ಡ ಚಮಚ ಹುಣಸೆರಸ ಸವರಿ ಪಕ್ಕಕ್ಕಿಡಿ. ಆ ಹೊತ್ತಿಗೆ ಎರಡು ಬಟಾಟೆಗಳನ್ನು ಅರ್ಧ ಇಂಚಿನ ಬಿಲ್ಲೆಗಳಾಗಿ, ನಾಲ್ಕು ಸಣ್ಣ ಬದನೆಕಾಯಿಗಳನ್ನು ತಲಾ ನಾಲ್ಕು ಹೋಳಾಗಿ, ಎರಡು ಉಳ್ಳಾಗಡ್ಡಿಗಳನ್ನು ದಪ್ಪ ಸೀಳಾಗಿ ಹೆಚ್ಚಿಕೊಳ್ಳಿ. ಒಂದು ಡೊಣ್ಣಮೆಣಸಿನಕಾಯಿಯನ್ನು ಬೇರೆ ಇಡಿ, ಅದಕ್ಕೆ ಕೆಲಸ ಕೊನೆಯಲ್ಲಿ.

ಬಾಣಲೆಗೆ ನಾಲ್ಕು ದೊಡ್ಡ ಚಮಚ ಶೇಂಗಾ ಎಣ್ಣೆ ಹಾಕಿ ಕಾಯಿಸಿ, ಬಟಾಟೆ ಬಿಲ್ಲೆಗಳನ್ನು ಒಂದೊಂದಾಗಿ ಹರಡಿ. ಮೂರ್ನಾಲ್ಕು ನಿಮಿಷ ಕೈ ಹಾಕಬೇಡಿ. ಕಂದು ಬಣ್ಣವೂ ಹುರಿದ ರುಚಿಯೂ ಹುಟ್ಟುವುದು 140 ಡಿಗ್ರಿಯ ಆಸುಪಾಸಿನಲ್ಲಿ. ಬಾಣಲೆಗೆ ನೀರು ಬಿದ್ದ ಮೇಲೆ ಬಿಸಿ 100 ದಾಟುವುದಿಲ್ಲ. ಆದ್ದರಿಂದ ಹುರಿಯುವ ಕೆಲಸವೆಲ್ಲ ನೀರಿಗಿಂತ ಮೊದಲೇ ಮುಗಿಯಬೇಕು. ಈ ಅಡುಗೆಯಲ್ಲಿ ಮೀನನ್ನು ಹುರಿಯುವುದಿಲ್ಲ, ಹುರಿದ ರುಚಿಯ ಹೊಣೆಯೆಲ್ಲ ಬಟಾಟೆ, ಉಳ್ಳಾಗಡ್ಡಿ, ಬದನೆಕಾಯಿಗಳದು. ಬಟಾಟೆ ತಿರುವಿಹಾಕಿ, ಉಳ್ಳಾಗಡ್ಡಿ ಮತ್ತು ಬದನೆ ಸೇರಿಸಿ, ಅವುಗಳ ಅಂಚು ಕಂದಾಗುವವರೆಗೆ ಬಿಡಿ. ಬಳಿಕ ಉಪ್ಪು, ಅರ್ಧ ಬಟ್ಟಲು ನೀರು, ಮುಚ್ಚಳ. ಹತ್ತು ಹನ್ನೆರಡು ನಿಮಿಷ ಮಧ್ಯಮ ಉರಿ. ಬಟಾಟೆಗೆ ಚಾಕು ತಡೆಯಿಲ್ಲದೆ ಇಳಿಯಬೇಕು. ಇಳಿಯದಿದ್ದರೆ ಮುಂದಕ್ಕೆ ಹೋಗಬೇಡಿ, ಯಾಕೆಂದರೆ ಇದಾದ ಮೇಲೆ ಹುಳಿ ಬೀಳುತ್ತದೆ, ಹುಳಿ ಬಿದ್ದ ಮೇಲೆ ಬಟಾಟೆ ಬೇಯುವ ಭರವಸೆ ಇಲ್ಲ.

ತರಕಾರಿಯನ್ನು ಬದಿಗೆ ಸರಿಸಿ ನಡುವೆ ಜಜ್ಜಿದ ಎಂಟು ಹತ್ತು ಎಸಳು ಬಳ್ಳೊಳ್ಳಿ, ಒಂದು ತುಂಡು ಹಸಿಶುಂಠಿ, ಎರಡು ಚಮಚ ಕೆಂಪುಖಾರ ಹಾಕಿ ಅರ್ಧ ನಿಮಿಷ ಬಾಡಿಸಿ. ಖಾರದ ಪುಡಿ ಒಣ ಎಣ್ಣೆಯಲ್ಲಿ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ತರಕಾರಿ ಬಿಟ್ಟ ಪಸೆ ಇರುವಾಗ ಹಾಕಿದರೆ ಆ ಭಯವಿಲ್ಲ. ಬ್ಯಾಡಗಿಯ ಪುಡಿಯಾದರೆ ಬಣ್ಣ ಬರುತ್ತದೆ, ಉರಿ ಕಡಿಮೆ. ಹೆಚ್ಚಿದ ಎರಡು ಟೊಮೆಟೊ, ನಿಂಬೆಗಾತ್ರದ ಹುಣಸೆಹಣ್ಣಿನಿಂದ ತೆಗೆದ ಒಂದು ಬಟ್ಟಲು ರಸ ಸೇರಿಸಿ ನಾಲ್ಕು ನಿಮಿಷ ಜೋರಾಗಿ ಕುದಿಸಿ. ಗೊಜ್ಜು ತೆಳುವೆನಿಸಿದರೆ ಹುರಿದ ಶೇಂಗಾ ಪುಡಿ ಒಂದು ದೊಡ್ಡ ಚಮಚ. ಎಣ್ಣೆಗಾಯಿಯ ಅಭ್ಯಾಸದಲ್ಲಿ ಗುರೆಳ್ಳು ಪುಡಿಯ ಡಬ್ಬಿಗೆ ಕೈ ಹೋದೀತು, ಹಿಂದಕ್ಕೆ ತೆಗೆಯಿರಿ. ಅದರ ತುಸು ಕಹಿ ಬದನೆಗೆ ಒಪ್ಪುತ್ತದೆ, ರೋಹುವಿನ ಮೃದು ರುಚಿಯನ್ನು ನುಂಗಿಹಾಕುತ್ತದೆ.

ಈಗ ಉರಿಯನ್ನು ತೀರ ಸಣ್ಣದಾಗಿಸಿ. ಗುಳ್ಳೆಗಳು ಆಗೊಂದು ಈಗೊಂದು ಏಳುವಷ್ಟೇ ಇರಲಿ. ಡೊಣ್ಣಮೆಣಸಿನಕಾಯಿ ಉದುರಿಸಿ, ಮೀನಿನ ತುಂಡುಗಳನ್ನು ನೀರು ಬಸಿದು ತರಕಾರಿಯ ಮೇಲೆ ಒಂದೇ ಸಾಲಿನಲ್ಲಿ ಮಲಗಿಸಿ. ಅರ್ಧ ಗೊಜ್ಜಿನಲ್ಲಿ, ಅರ್ಧ ಹೊರಗೆ. ಮುಚ್ಚಳ ಹಾಕಿ. ಕೆಳಗಿನ ಅರ್ಧವನ್ನು ಗೊಜ್ಜು ಬೇಯಿಸುತ್ತದೆ, ಮೇಲಿನ ಅರ್ಧವನ್ನು ಹಬೆ. ಬಾಣಲೆಯ ತಳದ ಕಾವಿಗೂ ಮೀನಿಗೂ ನಡುವೆ ತರಕಾರಿಯ ಹಾಸು ಇರುವುದರಿಂದ ಮೀನು ತಳ ಹಿಡಿಯುವ ಮಾತಿಲ್ಲ, ತಿರುವಿಹಾಕುವ ಅಗತ್ಯವೂ ಇಲ್ಲ. ಸೌಟು ಮುಟ್ಟಲೇಬೇಡಿ. ಕದಡಬೇಕೆನಿಸಿದರೆ ಬಾಣಲೆಯ ಎರಡು ಹಿಡಿ ಹಿಡಿದು ಮೆಲ್ಲಗೆ ಅಲುಗಿಸಿ. ಉಕ್ಕಿ ಕುದಿಯುವ ಗೊಜ್ಜು ಮೀನನ್ನು ಅತಿಯಾಗಿ ಬೇಯಿಸುವುದಷ್ಟೇ ಅಲ್ಲ, ಪದರಗಳ ಅಂಟು ಕರಗಿರುವ ಹೊತ್ತಿನಲ್ಲಿ ತುಂಡನ್ನು ಎತ್ತಿ ಎತ್ತಿ ಬಡಿದು ಒಡೆಯುತ್ತದೆ.

ಏಳೆಂಟು ನಿಮಿಷಕ್ಕೆ ಒಲೆ ಆರಿಸಿ, ಮುಚ್ಚಳ ತೆಗೆಯದೆ ಮೂರ್ನಾಲ್ಕು ನಿಮಿಷ ಬಿಡಿ. ಹೊರಪದರದ ಬಿಸಿ ಒಳಕ್ಕೆ ಇಳಿಯುತ್ತಲೇ ಇರುತ್ತದೆ, ಉಳಿದ ಕೆಲಸ ಅದೇ ಮುಗಿಸುತ್ತದೆ. ಚಾಕುವಿನ ಪರೀಕ್ಷೆ ಮಾಡಿ, ಕೊತ್ತಂಬರಿ ಸೊಪ್ಪು ಹಾಕಿ ಬಾಣಲೆಯನ್ನೇ ಊಟಕ್ಕೆ ತನ್ನಿ. ಜೋಳದ ರೊಟ್ಟಿಯೊಂದಿಗೆ ತಿನ್ನುವವರು ಮೊದಲು ತುಂಡಿನ ಮುಳ್ಳು ಬಿಡಿಸಿಟ್ಟುಕೊಳ್ಳುವುದು ಒಳ್ಳೆಯದು. ಮೆತ್ತಗಿನ ರೊಟ್ಟಿಯ ತುತ್ತಿನೊಳಗೆ ಸಣ್ಣ ಮುಳ್ಳು ನಾಲಗೆಗೆ ಗೊತ್ತಾಗುವುದಿಲ್ಲ. ಅನ್ನವಾದರೆ ಅಷ್ಟು ಕಷ್ಟವಿಲ್ಲ.

ಬೆಳಗಾವಿಯವರು ಸುರಮಯಿ ಬಳಸಿದರೆ ಕ್ರಮ ಇದೇ, ಸವರುವ ಹುಣಸೆರಸವನ್ನು ಅರ್ಧಕ್ಕೆ ಇಳಿಸಿ. ಬಂಗಡೆ ಇಡಿಯಾಗಿ ಹಾಕುವುದಾದರೆ ಎರಡೂ ಮಗ್ಗುಲಿಗೆ ಮೂರು ಗೀರು ಕೊಯ್ದು ಹಾಕಿ, ಆರು ನಿಮಿಷಕ್ಕೆ ಆಗುತ್ತದೆ. ಬಂಗಡೆ, ತಾರಲೆ, ಸುರಮಯಿಗಳ ವಿಷಯದಲ್ಲಿ ಒಂದು ಮುಖ್ಯ ಎಚ್ಚರವಿದೆ. ಹಿಡಿದ ಮೇಲೆ ಮಂಜುಗಡ್ಡೆ ಇಲ್ಲದೆ ಬಿಸಿಲಲ್ಲಿ ಉಳಿದರೆ ಇವುಗಳ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ; ಮೀನು ಮೈಗೆ ಒಗ್ಗುವುದಿಲ್ಲವೆಂದು ಅನೇಕರು ತಪ್ಪಾಗಿ ತಿಳಿಯುತ್ತಾರೆ. ಹಿಸ್ಟಮಿನ್ ಒಮ್ಮೆ ಹುಟ್ಟಿದರೆ ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಕರಾವಳಿಯಿಂದ ಘಟ್ಟ ಹತ್ತುವ ದಾರಿಯುದ್ದಕ್ಕೂ ಮಂಜುಗಡ್ಡೆ ಇತ್ತೇ ಎಂಬುದನ್ನು ಯಾವ ಮಸಾಲೆಯೂ ಸರಿಪಡಿಸಲಾರದು. ಹೊರಗಿನ ಬಿಸಿಲಿನ ಹಲಗೆಯ ಮೇಲೆ ಹರಡಿದ್ದನ್ನು ಬಿಟ್ಟು ಮಂಜಿನಲ್ಲಿ ಹೂತದ್ದನ್ನು ಕೊಳ್ಳಿ.

ಉಳಿದ ಮೀನನ್ನು ಸ್ಟೀಲಿನ ಡಬ್ಬಿಗೆ ಹಾಕಿ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ, ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಾದರೆ ಒಂದೇ ಗಂಟೆ. ಬೆಳಿಗ್ಗೆ ತೆರೆದಾಗ ಗೊಜ್ಜು ಹೆಪ್ಪುಗಟ್ಟಿ ನಡುಗುತ್ತಿದ್ದರೆ ಕೆಟ್ಟಿತೆಂದು ಚೆಲ್ಲಬೇಡಿ; ಕರಗಿದ ಕೊಲಾಜನ್ ತಣ್ಣಗಾಗಿ ಗಟ್ಟಿಯಾಗಿದೆ ಅಷ್ಟೆ. ಮತ್ತೆ ಕಾಯಿಸುವಾಗ ಮೀನಿನ ತುಂಡುಗಳನ್ನು ಮೊದಲು ಎತ್ತಿಡಿ, ಗೊಜ್ಜನ್ನು ಕುದಿ ಬರಿಸಿ ಉರಿ ತಗ್ಗಿಸಿ, ತುಂಡುಗಳನ್ನು ಮರಳಿ ಇಟ್ಟು ನಡುವೆಯೂ ಹಬೆಯಾಡುವಷ್ಟು ಬಿಸಿಯಾಗುವವರೆಗೆ ಮುಚ್ಚಿಡಿ.